ಅಮ್ಮನ ಫಿನಾಯಿಲು, ನನ್ನ ಮೂಗು

ನನ್ನ ಮೂಗಿಗೆ ರಜೆ ಎಂಬುದಿಲ್ಲ. ಎದ್ದೊಡನೆ ಹದಿನೈದು ಸೀನು, ಐರೋಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಐದಾರು, ರೈಲಿನಲ್ಲಿ ಎದುರಿನವರು ಮುಖ ತಿರುಗಿಸುವಷ್ಟು. ಆಫೀಸು ಸೇರುವ ಹೊತ್ತಿಗೆ ದಿನದ ಕೆಲಸ ಮುಗಿಸಿದವನಂತೆ ಸುಸ್ತಾಗಿರುತ್ತೇನೆ. ಎಲ್ಲರ ದನಿ ಅನುಕರಿಸಿ ನಗಿಸುವವನು ನಾನು. ಮೂಗು ಕಟ್ಟಿದರೆ ಮಾತ್ರ ನನ್ನ ಬಾಯಲ್ಲಿ ಮ್ಯಾನೇಜರರೂ ರೈಲಿನಲ್ಲಿ ಸ್ಟೇಷನ್ ಕೂಗುವ ಹೆಂಗಸೂ ಒಂದೇ ಎಮ್ಮೆಯ ಹಾಗೆ ಕೇಳಿಸುತ್ತಾರೆ.

ಕಳೆದ ವರ್ಷ ಠಾಣೆಯಲ್ಲಿ ಅಲರ್ಜಿ ಡಾಕ್ಟರ ಬಳಿ ಹೋದೆ. ಮರಾಠಿ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮಾತಾಡುವವರು. ಚಿಕ್ಕಂದಿನಲ್ಲಿ ಎಲ್ಲಿ ಆಡುತ್ತಿದ್ದೆ ಎಂದು ಕೇಳಿದರು. ಅಮ್ಮ ದಿನಕ್ಕೆರಡು ಸಲ ಫಿನಾಯಿಲು ಹಾಕಿ ನೆಲ ಒರೆಸಿ, ಒಣಗುವ ತನಕ ನನ್ನನ್ನು ಮಂಚದ ಮೇಲೆ ಕೂರಿಸುತ್ತಿದ್ದಳು ಎಂದೆ. ಅವರು ನಕ್ಕರು. ಮಣ್ಣು, ಪ್ರಾಣಿ, ಬೇರೆ ಮಕ್ಕಳಿಂದ ಬರುವ ನಿರುಪದ್ರವಿ ಬ್ಯಾಕ್ಟೀರಿಯಾಗಳ ಸಹವಾಸ ಎಳವೆಯಲ್ಲೇ ಸಿಕ್ಕರೆ, ಯಾವುದರೊಡನೆ ಜಗಳವಾಡಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂದು ದೇಹ ಕಲಿಯುತ್ತದೆ. ಆ ಪಾಠ ಕಡಿಮೆಯಾದರೆ ಬರೀ ಧೂಳಿನ ಮೇಲೂ ಏರಿ ಹೋಗುತ್ತದೆ ಎಂದು ವಿವರಿಸಿದರು. ಪ್ರತಿ ಮಾತಿಗೂ 'ಶಾಯದ್' ಸೇರಿಸಿದರು, ಇರಬಹುದು ಎಂದು.

ಅಂದು ಊಟದ ಹೊತ್ತಿಗೆ ಮನೆಯಲ್ಲಿ ಅದನ್ನೇ ಅಭಿನಯಿಸಿದೆ. ಅಪ್ಪನ ಕನ್ನಡಕ ಹಾಕಿ ಮೂಗಿನ ತುದಿಗೆ ಇಳಿಸಿಕೊಂಡು, ಡಾಕ್ಟರ ದನಿ ತೆಗೆದು, "ನಿಮ್ಮ ಮೂಗು ಕೆಡಿಸಿದ್ದೇ ನಿಮ್ಮ ಮಮ್ಮಿ!" ಎಂದೆ. 'ಶಾಯದ್' ಹಾಕಿದರೆ ನಗು ಬರುವುದಿಲ್ಲ, ಅದಕ್ಕೇ ಬಿಟ್ಟೆ. ಸಾರು ನೆತ್ತಿಗೇರುವಷ್ಟು ಅಪ್ಪ ನಕ್ಕರು. ಅಮ್ಮ ನಗಲಿಲ್ಲ.

ಮರುದಿನ ಅಮ್ಮ, ಮನೆಗೆಲಸಕ್ಕೆ ಬರುವ ಕಲಬುರಗಿಯ ಅಕ್ಕನಿಗೆ, "ಒರೆಸುವುದು ಬೇಡ ಮಾರಾಯ್ತಿ, ಬ್ಯಾಕ್ಟೀರಿಯಾ ಬೇಕಂತೆ ಇವನಿಗೆ" ಎಂದಳು. ಎರಡು ವಾರದಲ್ಲಿ ಸೋಫಾದ ಕೆಳಗೆ ಧೂಳು ಉಂಡೆ ಕಟ್ಟಿತು, ನನ್ನ ಸೀನು ದುಪ್ಪಟ್ಟಾಯಿತು. ಒಂದು ಬೆಳಿಗ್ಗೆ ಆ ಅಕ್ಕ ನನ್ನನ್ನು ಬಾಗಿಲಲ್ಲೇ ತಡೆದಳು.

"ನಿಮ್ಮ ಅವ್ವಾರು ಬಚ್ಚಲದಾಗ ನಿಂತು ಅಳ್ತಾರ್ರೀ. ನಮ್ಮ ಹುಡುಗ ಬಿಲ್ಡಿಂಗ್ ಕೆಲಸದ ಉಸುಕಿನಾಗೇ ಹೊರಳಾಡಿ ಬೆಳದಾನ, ಅವಗೂ ದಮ್ಮು ಅದ, ನಾ ಏನು ತಪ್ಪು ಮಾಡೀನಿ ಅಂತ ಕೇಳ್ದೆ. ಕೇಳವಲ್ರು. ನೀವು ಭಾಳ ಶಾಣ್ಯಾ ಅದೀರಿ, ಎಲ್ಲಾರಂಗ ಮಾತಾಡ್ತೀರಿ. ಅವ್ವಾರ ಜೋಡಿ ಒಮ್ಮೆ ನಿಮ್ಮಂಗ ಮಾತಾಡ್ರಿ."

ಮಾತಾಡಿದೆ. ಆ ಮಾತು ಡಾಕ್ಟರದ್ದಲ್ಲ, ನಾನೇ ಸೇರಿಸಿದ್ದು ಎಂದೆ.

"ನೀನೀಗ ಸಮಾಧಾನಕ್ಕೆ ಹೇಳುವುದು" ಎಂದಳು ಅಮ್ಮ. ಮಿಮಿಕ್ರಿ ಮಾಡುವವನು ನಿಜ ಹೇಳಿದರೂ ನಂಬುವವರಿಲ್ಲ. ಅವಳನ್ನೇ ಠಾಣೆಗೆ ಕರೆದುಕೊಂಡು ಹೋದೆ.

"ಮೇರಾ ಗಲತಿ ಹೈ ಕ್ಯಾ?" ಎಂದು ಅಮ್ಮ ಕುಳಿತೊಡನೆ ಕೇಳಿದಳು, ನನ್ನ ತಪ್ಪಾ ಎಂದು. ಡಾಕ್ಟರು ಪೆನ್ನು ಕೆಳಗಿಟ್ಟರು. ಒಬ್ಬನಿಗೆ ಅಲರ್ಜಿ ಯಾಕೆ ಬಂತೆಂದು ಬೊಟ್ಟು ಮಾಡಿ ಹೇಳಲಾಗದು, ವಂಶ, ಗಾಳಿ, ಇನ್ನೂ ಏನೇನೋ ಸೇರಿರುತ್ತದೆ ಎಂದರು. ಈ ವಯಸ್ಸಿನಲ್ಲಿ ಮನೆ ಕೊಳೆಯಾಗಿಟ್ಟರೆ ಇವನಿಗೆ ಲಾಭವಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದರು. ಅಮ್ಮ ಮತ್ತೆ ಅದನ್ನೇ ಕೇಳಿದಳು. "ಪತಾ ನಹೀ, ಮಾವಶಿ" ಎಂದರು ಮೆಲ್ಲಗೆ. ಗೊತ್ತಿಲ್ಲ, ಚಿಕ್ಕಮ್ಮಾ ಎಂದು.

ವಾಪಸಾಗುವಾಗ ಠಾಣೆಯಲ್ಲಿ ರೈಲು ಹೊರಡದೆ ನಿಂತಿತ್ತು. ಅಮ್ಮ ನನ್ನ ಕಡೆ ತಿರುಗಿದಳು.

"ಕೊನೆಗೆ ಅವರು ಹೇಳಿದ್ದು ಎಂತ? ನಾಟಕ ಮಾಡದೆ ಹೇಳು."

"ಗೊತ್ತಿಲ್ಲ ಅಂದರು."

"ನನ್ನದೇ ತಪ್ಪು ಅಂತ ಹೇಳ್ಲಿಲ್ಲ ಅಲ್ವಾ?"

"ಹೇಳ್ಲಿಲ್ಲ."

"ಅಲ್ಲ ಅಂತಲೂ ಹೇಳ್ಲಿಲ್ಲ."

"ಇಲ್ಲಮ್ಮ."

ರೈಲು ಹೊರಟಿತು. ದಿಘಾ ಸ್ಟೇಷನ್ ದಾಟುವಾಗ ಮತ್ತೆ ಅದನ್ನೇ ಕೇಳಿದಳು. ಮತ್ತೆ ಅದನ್ನೇ ಹೇಳಿದೆ.