ಓನ್ನಿಗ್ ಪಾಲು ಮಾಡಿದ ಹಾಡುಪೆಟ್ಟಿಗೆ

ಬುರ್ಜ್ ಹಮ್ಮೂದಿನ ನಮ್ಮ ಬೀದಿಯಲ್ಲಿ ಯಾರದೇ ಕಾಲುಚೀಲ ಒಂಟಿಯಾದರೂ ಅದು ಕೊನೆಗೆ ಹೋಗಿ ಸೇರುವುದು ಓನ್ನಿಗ್‌ನ ಅಂಗಡಿಯನ್ನು. ಹಳೆಯ ರೇಡಿಯೋಗಳಿಂದ ಬಿಚ್ಚಿ ತಂದ ಗಾಜಿನ ವಾಲ್ವುಗಳನ್ನು ಅವನು ಕಾಲುಚೀಲದಲ್ಲಿ ಇಳಿಬಿಟ್ಟು ಗಂಟು ಹಾಕಿ ಇಡುತ್ತಾನೆ. ದಪ್ಪ ವಾಲ್ವುಗಳು ಪಾದ್ರಿಗಳ ಕಪ್ಪು ಚೀಲದಲ್ಲಿ, ಸಣ್ಣವು ಶಿಶುವಿಹಾರದ ಮಕ್ಕಳ ಬಣ್ಣದ ಚೀಲದಲ್ಲಿ. ತೊಳೆದು ಕೊಡಬೇಕೆಂಬ ನಿಯಮವೇನೋ ಇದೆ. ಎಲ್ಲರೂ ಅದನ್ನು ಪಾಲಿಸುತ್ತಾರೆಂದು, ಅವನ ಪಕ್ಕದಲ್ಲೇ ಅಂಗಡಿ ಇಟ್ಟುಕೊಂಡಿರುವ ನಾನು ಹೇಳಲಾರೆ.

ನನ್ನದು ಚಪ್ಪಲಿ ಅಂಗಡಿ. ನನ್ನ ಖಾಲಿ ಡಬ್ಬಗಳೆಲ್ಲ ಅವನ ಕಪಾಟಿಗೆ ಹೋಗುತ್ತವೆ, ಅವುಗಳಲ್ಲಿ ಟ್ರಾನ್ಸ್‌ಫಾರ್ಮರುಗಳು ಮಲಗುತ್ತವೆ. ಒಮ್ಮೆ ನನ್ನ ಗಿರಾಕಿಯೊಬ್ಬಳು ಬಾಗಿಲು ತಪ್ಪಿ ಅವನಲ್ಲಿಗೆ ಹೋಗಿ, ಎತ್ತರದ ಹಿಮ್ಮಡಿಯ ಕೆಂಪು ಜೋಡಿನ ಡಬ್ಬ ತೆಗೆಸಿ ನೋಡಿದರೆ ಒಳಗೆ ತಾಮ್ರ ಸುತ್ತಿದ ಒಂದು ಕಬ್ಬಿಣದ ಗಡ್ಡೆ. ಆಕೆ ಮುಖ ಸಿಂಡರಿಸಿ, ಇದರ ಜೋಡಿ ಎಲ್ಲಿ ಎಂದು ಕೇಳಿದಳಂತೆ. "ಅದನ್ನೇ ನಾನೂ ಹುಡುಕ್ತಾ ಇದೀನಿ ತಾಯಿ" ಎಂದು ಓನ್ನಿಗ್ ನಿಟ್ಟುಸಿರು ಬಿಟ್ಟನಂತೆ. ಅವನು ತಮಾಷೆ ಮಾಡಿರಲಿಲ್ಲ. ಅವನಿಗೆ ತಮಾಷೆ ಮಾಡಲು ಬರುವುದೇ ಇಲ್ಲ. ಆ ಕೆಲಸವೆಲ್ಲ ನನಗೆ ಬಿಟ್ಟಿದ್ದಾನೆ, ನನಗೆ ಜೋಡು ಮಾರಲು ಬರುವುದಿಲ್ಲವಲ್ಲ.

ಬೋರ್ಡಿನಲ್ಲಿ ರೇಡಿಯೋ ರಿಪೇರಿ ಎಂದಿದ್ದರೂ ಜನ ಓನ್ನಿಗ್‌ನನ್ನು ಕರೆಯುವುದು ಮನೆ ಖಾಲಿ ಮಾಡುವಾಗ. ತಟ್ಟೆ ಲೋಟ ಹಂಚಿ, ಹಾಸಿಗೆ ಮಾರಿ ಮುಗಿದ ಮೇಲೆ ಗೋಡೆಗೊತ್ತಿಕೊಂಡು ದೊಡ್ಡ ಸ್ಟೀರಿಯೋ ಪೆಟ್ಟಿಗೆಯೊಂದು ಉಳಿದಿರುತ್ತದೆ. ಸೋಫಾದಷ್ಟು ಉದ್ದ, ಶವಪೆಟ್ಟಿಗೆಯಷ್ಟು ಭಾರ. ಮುಚ್ಚಳ ಎತ್ತಿದರೆ ಒಳಗೆ ರೇಡಿಯೋ, ಗ್ರಾಮಫೋನಿನ ತಟ್ಟೆ ತಿರುಗಿಸುವ ಯಂತ್ರ, ಎರಡು ತುದಿಗೆ ಎರಡು ಸ್ಪೀಕರು. ಆದರೆ ಮುಚ್ಚಳದ ಮೇಲೆ ಮದುವೆಯ ಫೋಟೋಗಳನ್ನು ಸಾಲಾಗಿ ಇಟ್ಟಿರುವುದರಿಂದ ಯಾರೂ ಅದನ್ನು ಇಪ್ಪತ್ತು ವರ್ಷದಿಂದ ಎತ್ತಿರುವುದಿಲ್ಲ. ಓನ್ನಿಗ್ ಕಾಫಿ ಕುಡಿದು, ಫೋಟೋಗಳಲ್ಲಿರುವವರನ್ನೆಲ್ಲ ವಿಚಾರಿಸಿಕೊಂಡು, ಹಿಂಬದಿಯ ಹಲಗೆ ಬಿಚ್ಚಿ ಮೂಸಿ ನೋಡುತ್ತಾನೆ. ಯಾವುದು ಸುಟ್ಟಿದೆ ಎಂದು ಮೂಗೇ ಹೇಳುತ್ತದೆ. ಸಂಜೆಯ ಹೊತ್ತಿಗೆ ಕರುಳು, ಗುಂಡಿಗೆ, ಪಿತ್ತಕೋಶವೆಲ್ಲ ಅವನ ಚೀಲ ಸೇರಿ, ಬರೀ ಮರದ ಪೆಟ್ಟಿಗೆ ಬಡಗಿ ಮಿಹ್ರಾನನ ಪಾಲಾಗುತ್ತದೆ. ಮಿಹ್ರಾನ್ ಅದಕ್ಕೆ ಕಪಾಟಿನ ಬಾಗಿಲು ಹಚ್ಚಿ ಮಾರುತ್ತಾನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅರಾಕ್ ಮದ್ಯದ ಬಾಟಲಿ ತೆಗೆಯುವಾಗ ಲಂಡನ್, ಕೈರೋ, ಅಂಕಾರಾ ಎಂದು ಬರೆದ ರೇಡಿಯೋ ಮುಖದ ಗಾಜನ್ನು ಪಕ್ಕಕ್ಕೆ ಸರಿಸಬೇಕು.

ಇಷ್ಟೆಲ್ಲ ಭಾಗ ಇಟ್ಟುಕೊಂಡವನ ಮನೆಯಲ್ಲಿ ಎಂಥ ಸೆಟ್ ಇರಬೇಕು ಎಂದು ಕೇಳಿದರೆ, ಇಲ್ಲ. ಓನ್ನಿಗ್ ತನ್ನದೇ ಒಂದು ಸೆಟ್ ಜೋಡಿಸಲು ಹೊರಟಿದ್ದು ಅವನ ತಲೆಯಲ್ಲಿ ಕೂದಲಿದ್ದ ಕಾಲದಲ್ಲಿ. ಇನ್ನೇನು ಮುಗಿಯಿತು ಎನ್ನುವಾಗ ಯಾರದೋ ಸೆಟ್ ಕೆಡುತ್ತದೆ, ಅದಕ್ಕೆ ಸರಿಹೊಂದುವ ಭಾಗ ಇವನ ಸೆಟ್ಟಿನಲ್ಲೇ ಇರುತ್ತದೆ, ಬಿಚ್ಚಿ ಕೊಡುತ್ತಾನೆ. ನನ್ನ ಹೆಂಡತಿ ಅದನ್ನು ಅವನ ಮದುವೆಗೆ ಹೋಲಿಸುತ್ತಾಳೆ. ಅವನಿಗೆ ಮದುವೆಯಾಗಿಲ್ಲ.

ಹೀಗೆ ಅವನು ಬಿಚ್ಚಿಕೊಟ್ಟ ಭಾಗಗಳಲ್ಲಿ ಒಳ್ಳೆಯವೆಲ್ಲ ಹೋಗಿ ಸೇರಿದ್ದು ನಮ್ಮ ಬೀದಿಯ ದರ್ಜಿ ಹೊವ್ಸೆಪ್ ಅಜ್ಜನ ಸೆಟ್ಟಿಗೆ. ಅಮೆರಿಕದಿಂದ ಹಡಗಿನಲ್ಲಿ ಬಂದ ಪೆಟ್ಟಿಗೆ ಅದು. ಯುದ್ಧದ ಕಾಲದಲ್ಲಿ ಬೆನ್ನಿಗೆ ಗುಂಡು ತಿಂದಿತ್ತು. ಓನ್ನಿಗ್ ಅದಕ್ಕೆ ಒಬ್ಬ ದಂತವೈದ್ಯನ ಮನೆಯ ಟ್ರಾನ್ಸ್‌ಫಾರ್ಮರು, ಅಲೆಪ್ಪೋದ ವಿಧವೆಯೊಬ್ಬಳ ಸ್ಪೀಕರು, ಮುಚ್ಚಿಹೋದ ಸಿನಿಮಾ ಮಂದಿರದ ವಾಲ್ವು, ಹೀಗೆ ಸತ್ತವರದೆಲ್ಲ ಕಸಿ ಮಾಡಿ ಬದುಕಿಸಿದ್ದ. ಅಜ್ಜ ಪ್ರತಿ ಸಂಜೆ ಅದರೆದುರು, ಸರಿಯಾಗಿ ನಡುಮಧ್ಯದಲ್ಲಿ, ಒಂದು ತೋಳುಕುರ್ಚಿ ಹಾಕಿ ಕೂರುತ್ತಿದ್ದ. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲ. ಗೋಡೆ ಪಕ್ಕದ ಸ್ಟೂಲಿನಲ್ಲಿ ಓನ್ನಿಗ್‌ಗೆ ಜಾಗವಿತ್ತು, ಅಷ್ಟೇ.

ಅಜ್ಜ ತೀರಿಕೊಂಡಾಗ ಹೆಣ್ಣುಮಕ್ಕಳಿಬ್ಬರೂ ಮನೆಯ ಸಾಮಾನು ಹಂಚಿಕೊಳ್ಳಲು ಕೂತರು. ದೊಡ್ಡವಳು ಶಾಕೆ, ನನ್ನ ಅಂಗಡಿಯ ಮೇಲೆ ಮೂರನೇ ಮಹಡಿ. ಚಿಕ್ಕವಳು ಅರ್ಪಿನೆ, ಬೀದಿಯಾಚೆ ನೇರ ಎದುರಿನ ಮೂರನೇ ಮಹಡಿ. ಬಾಲ್ಕನಿಯಿಂದ ಕೈಚಾಚಿದರೆ ಒಬ್ಬರ ಬಟ್ಟೆ ಒಬ್ಬರು ಒಣಗಿಸಬಹುದು. ಹಾಗೆ ಒಣಗಿಸುವಾಗಲೇ ಯಾವುದೋ ಪರದೆಯ ವಿಷಯಕ್ಕೆ ಮಾತು ಬಿಟ್ಟವರು. ಅಪ್ಪ ಬದುಕಿರುವ ತನಕ ಎಲ್ಲವನ್ನೂ ಇಬ್ಬರಿಗೂ ಸಮವಾಗಿ ಕೊಟ್ಟಿದ್ದ, ಅದೇ ನ್ಯಾಯವನ್ನು ಅವರು ಮುಂದುವರಿಸಿದರು. ಚಮಚ ಅರ್ಧರ್ಧ. ಜಿಂಕೆಯ ಚಿತ್ರವಿದ್ದ ರತ್ನಗಂಬಳಿಯನ್ನು ಕತ್ತರಿಯಲ್ಲಿ ಕೊಯ್ದರು. ಜಿಂಕೆಯ ತಲೆ ಶಾಕೆಯ ಮನೆಯಲ್ಲಿದೆ, ಅರ್ಪಿನೆಯ ಮನೆಗೆ ಹೋದವರು ಹಿಂಗಾಲಿನ ಮೇಲೆ ಚಪ್ಪಲಿ ಬಿಡುತ್ತಾರೆ. ಅಪ್ಪನ ಕುರ್ಚಿಯನ್ನೂ ಕುಯ್ಯಲು ಹೇಳಿದ್ದರು. ಎರಡು ಕಾಲಿನ ಕುರ್ಚಿ ನಿಲ್ಲುವುದಿಲ್ಲ ಎಂದು ಮಿಹ್ರಾನ್ ತಿಳಿಹೇಳಿದ ಮೇಲೆ, ಅವಳಿಗೂ ಬೇಡ ಇವಳಿಗೂ ಬೇಡ ಎಂದು ಅದು ಇಳಿದು ನನ್ನ ಅಂಗಡಿಗೆ ಬಂತು. ಈಗ ಗಿರಾಕಿಗಳು ಅದರಲ್ಲಿ ಕೂತು ಜೋಡು ಹಾಕಿ ನೋಡಿ, ಆರಾಮವಾಗಿದೆ ಎಂದು ಕುರ್ಚಿಯನ್ನು ಹೊಗಳಿ, ಜೋಡು ಬಿಟ್ಟು ಹೋಗುತ್ತಾರೆ.

ಉಳಿದದ್ದು ಹಾಡುಪೆಟ್ಟಿಗೆ. ಮಿಹ್ರಾನ್ ಗರಗಸ ಹಿಡಿದು ಅಜ್ಜನ ಮನೆಯ ಮಹಡಿ ಹತ್ತುವುದನ್ನು ನೋಡಿದ ಓನ್ನಿಗ್ ನನ್ನ ಅಂಗಡಿಗೆ ಓಡಿಬಂದ. ಮುಖ ಬಿಳುಚಿಕೊಂಡಿತ್ತು.

"ಟೊರೊಸ್, ಅದ್ನ ಕುಯ್ತಾರಂತೆ ಕಣೋ. ಜೀವ ಇದೆ ಅದ್ರಲ್ಲಿ."

"ನಿಂಗೇನಯ್ಯಾ, ನಿಂದಾ ಅದು?"

"ಮರ ಅವರದ್ದು" ಎಂದ ಓನ್ನಿಗ್. "ಒಳಗಿರೋದ್ರಲ್ಲಿ ಯಾವ್ದು ಯಾರ ಮನೇದು ಅಂತ ನನ್ನ ಕೇಳು."

ಇಬ್ಬರೂ ಮೆಟ್ಟಿಲು ಹತ್ತಿದೆವು. ನಾನು ಹೋದದ್ದು ನ್ಯಾಯ ಹೇಳಲು ಎಂದು ಬರೆದರೆ ನನ್ನನ್ನು ಬಲ್ಲವರು ನಗುತ್ತಾರೆ. ಗರಗಸ ಹೇಗೆ ಆಡುತ್ತದೆ ನೋಡೋಣವೆಂದು ಹೋಗಿದ್ದೆ. ಮಿಹ್ರಾನ್ ಆಗಲೇ ಪೆನ್ಸಿಲಿನಲ್ಲಿ ನಡುವೆ ಗೆರೆ ಎಳೆದಿದ್ದ. ಓನ್ನಿಗ್ ಹೋಗಿ ಆ ಗೆರೆಯ ಮೇಲೆ ಕೂತುಬಿಟ್ಟ. ಗಿರಾಕಿಯೊಂದಿಗೆ ಕೂಡ ಗಟ್ಟಿಯಾಗಿ ಮಾತಾಡದವನು ಅವತ್ತು ಹದಿನೈದು ನಿಮಿಷ ಮಾತಾಡಿದ. ಪಾಲು ಮಾಡಬೇಕು ತಾನೆ, ಮಾಡೋಣ, ಗರಗಸ ಯಾಕೆ ಎಂದ. ಸ್ಟೀರಿಯೋ ಎಂದರೇನೇ ಎರಡು ಪಾಲು, ಎಡಕ್ಕೊಂದು ಬಲಕ್ಕೊಂದು ಎಲ್ಲವೂ ಎರಡೆರಡು ಇದೆ, ಕರೆಂಟು ಊಡಿಸುವ ದೊಡ್ಡ ಟ್ರಾನ್ಸ್‌ಫಾರ್ಮರು ಮಾತ್ರ ಒಂದು, ಇನ್ನೊಂದನ್ನು ನಾನು ಕೊಡುತ್ತೇನೆ ಎಂದ. ಎಡಗಡೆಯದು ಶಾಕೆಗೆ, ಬಲಗಡೆಯದು ಅರ್ಪಿನೆಗೆ. ತಟ್ಟೆ ತಿರುಗಿಸುವ ಯಂತ್ರ ದೊಡ್ಡವಳಿಗಾದರೆ ಹಾಡಿನ ತಟ್ಟೆಗಳೆಲ್ಲ ಚಿಕ್ಕವಳಿಗೆ, ಅದರ ಜೊತೆಗೆ ಮರದ ಪೆಟ್ಟಿಗೆಯೂ. ನಡುವೆ ಒಂದು ತಂತಿ ಎಳೆದರೆ ಇಬ್ಬರ ಮನೆಯಲ್ಲೂ ಒಟ್ಟಿಗೇ ಹಾಡುತ್ತದೆ.

ಅಕ್ಕತಂಗಿಯರು ಬೇರೆಬೇರೆ ಗೋಡೆ ನೋಡುತ್ತಾ ಯೋಚಿಸಿದರು. ಇನ್ನೊಬ್ಬಳಿಗೆ ಹೆಚ್ಚು ಹೋಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಒಪ್ಪಿದರು.

ಓನ್ನಿಗ್ ಕೊಟ್ಟ ಆ ಟ್ರಾನ್ಸ್‌ಫಾರ್ಮರು ಎಲ್ಲಿಂದ ಬಂತೆಂದು ನನಗೆ ಗೊತ್ತು. ಚಳಿಗಾಲದ ಬೂಟಿನ ಡಬ್ಬದಿಂದ. ತನ್ನ ಸೆಟ್ಟಿಗೆಂದು ತೆಗೆದಿಟ್ಟ ಕೊನೆಯ ದೊಡ್ಡ ಭಾಗ ಅದು.

ಕೆಲಸ ಮುಗಿಯಲು ಒಂದು ವಾರ ಹಿಡಿಯಿತು. ನಮ್ಮ ಬೀದಿಯ ಮೇಲೆ ಆಕಾಶಕ್ಕಿಂತ ತಂತಿಯೇ ಹೆಚ್ಚು, ಒಂದು ಹೆಚ್ಚಾದರೆ ಯಾರೂ ಕೇಳುವುದಿಲ್ಲ. ಆದರೆ ಮೊದಲ ದಿನ ಎಳೆದ ತಂತಿ ಉಳಿದ ತಂತಿಗಳ ಗೊಣಗಾಟವನ್ನೆಲ್ಲ ಹೀರಿಕೊಂಡು ಅರ್ಪಿನೆಯ ಮನೆಯಲ್ಲಿ ಗುಂಯ್ ಎನ್ನತೊಡಗಿತು. ಅಕ್ಕ ಆ ಕಡೆಯಿಂದ ಬೈಯುತ್ತಿದ್ದಾಳೆ ಎಂದೇ ಅವಳು ನಂಬಿದ್ದಳು. ಓನ್ನಿಗ್ ಹಳೆಯ ಟಿವಿ ಆಂಟೆನಾದ ದಪ್ಪ ಕೇಬಲ್ ತಂದು ಹಾಕಿ ಬಾಯಿ ಮುಚ್ಚಿಸಿದ.

ಆರಂಭೋತ್ಸವ ಶನಿವಾರ ಮಧ್ಯಾಹ್ನ. ಅರ್ಪಿನೆ ಅಪ್ಪನ ಇಷ್ಟದ ತಟ್ಟೆಯನ್ನು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಇಳಿಸಿದಳು. ಎದುರಿನಿಂದ ಶಾಕೆಯ ಬುಟ್ಟಿ ಇಳಿಯಿತು. ಆ ಬುಟ್ಟಿಯಿಂದ ಈ ಬುಟ್ಟಿಗೆ ಸಾಗಿಸುವ ಹುದ್ದೆ ಅಂದಿನಿಂದ ನನ್ನದು. ಓನ್ನಿಗ್ ನನ್ನ ಅಂಗಡಿಯ ಬಾಗಿಲಲ್ಲಿ ಬಡ್ತಿಗೆ ಕಾದ ಗುಮಾಸ್ತನ ಹಾಗೆ ನಿಂತಿದ್ದ. ಮೇಲೆ ಸೂಜಿ ಇಳಿದ ಕರಕರ ಸದ್ದು ಕೇಳಿತು. ಹಾಡು ಶುರುವಾಗಿ ಎರಡು ಸಾಲು ಕಳೆದಿರಲಿಲ್ಲ, ಎರಡು ಬಾಲ್ಕನಿಗೂ ಇಬ್ಬರು ಹೆಂಗಸರು ಬಂದರು. ಪರದೆಯ ಜಗಳದ ನಂತರ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಇದು.

"ಹಾಡೋಳನ್ನ ನೀನೇ ಇಟ್ಕೊಂಡ್ಯಾ?" ಎಂದಳು ಅರ್ಪಿನೆ. "ನಂಗೆ ಬರೀ ಡೋಲು, ಬರೀ ಊದೋದು. ಮದ್ವೆ ಮುಗ್ದು ಹೆಣ್ಣೇ ಹೋದ್ಮೇಲೆ ಬಾರಿಸ್ತಾರಲ್ಲ, ಹಾಗಿದೆ."

"ಒಂದು ತಂಬಟೆಗೂ ಗತಿಯಿಲ್ದೆ ಗೋಳಾಡ್ತಿದಾಳೆ ಇಲ್ಲಿ" ಎಂದಳು ಶಾಕೆ. "ವಾದ್ಯದವರನ್ನೆಲ್ಲ ನೀನು ಕರ್ಕೊಂಡು ಹೋದ್ಯಲ್ಲ ಹೊಟ್ಟೆಬಾಕಿ!"

ಓನ್ನಿಗ್ ಹಣೆ ಚಚ್ಚಿಕೊಂಡ. ಸ್ಟೀರಿಯೋ ಹೊಸದಾಗಿ ಬಂದ ಕಾಲದ ತಟ್ಟೆ ಅದು. ಆಗಿನವರಿಗೆ ಎರಡು ಸ್ಪೀಕರು ಸಿಕ್ಕ ಸಂಭ್ರಮದಲ್ಲಿ ಗಾಯಕಿಯನ್ನು ಒಂದು ಮೂಲೆಗೆ ನಿಲ್ಲಿಸಿ, ಮೇಳವನ್ನೆಲ್ಲ ಇನ್ನೊಂದು ಮೂಲೆಗೆ ತಳ್ಳಿದ್ದರು. ಪೆಟ್ಟಿಗೆ ಒಂದೇ ಆಗಿದ್ದಾಗ ಯಾರಿಗೂ ಗೊತ್ತಾಗಿರಲಿಲ್ಲ. ಸಾವಿರ ಸಲ ಕೇಳಿದ ಓನ್ನಿಗ್‌ಗೂ ಹೊಳೆದಿರಲಿಲ್ಲ, ಏಕೆಂದರೆ ಅವನ ಸ್ಟೂಲು ಇದ್ದದ್ದು ಡೋಲಿನ ಬದಿಗೆ, ಗೋಡೆಯ ಹತ್ತಿರ. ಗಾಯಕಿ ನಾಚಿಕೆಯ ಸ್ವಭಾವದವಳು ಎಂದುಕೊಂಡಿದ್ದನಂತೆ.

ಇಬ್ಬರೂ ಮೆಟ್ಟಿಲಿಳಿದು ಬರುವ ಸಪ್ಪಳ ಎರಡು ಕಡೆಯಿಂದಲೂ ಕೇಳಿತು. ನಾನು ನನ್ನ ಗಾಜಿನ ಸಾಮಾನನ್ನೆಲ್ಲ ಒಳಗೆ ಸರಿಸಿದೆ. ಶಾಕೆಯ ಕೈಯಲ್ಲಿ ಹಿಟ್ಟು ಲಟ್ಟಿಸುವ ಕೋಲಿತ್ತು, ಬೇಕೆಂದೇ ತಂದಳೋ ಇಡಲು ಮರೆತಳೋ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಇಬ್ಬರೂ ಸೇರಿ ಓನ್ನಿಗ್‌ನನ್ನು ಬೀದಿಯ ನಡುವೆ ಹಿಡಿದರು. ಮಿಹ್ರಾನ್ ಗರಗಸದೊಂದಿಗೆ ಬರಲಿ, ಎಲ್ಲವನ್ನೂ ಪುಡಿಮಾಡಿ ಹಂಚಲಿ ಎಂದು ಶಾಕೆ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು.

ಮೇಲೆ ತಟ್ಟೆ ತಿರುಗುತ್ತಲೇ ಇತ್ತು. ಎರಡು ಬಾಲ್ಕನಿಯ ಬಾಗಿಲೂ ಹಾರು ಹೊಡೆದಿದ್ದವು. ಎಡದ ಮೂರನೇ ಮಹಡಿಯಿಂದ ಗಾಯಕಿ ಇಳಿದು ಬರುತ್ತಿದ್ದಳು, ಬಲದ ಮೂರನೇ ಮಹಡಿಯಿಂದ ಊದ್ ಎಂಬ ತಂತಿವಾದ್ಯ, ಕ್ಲಾರಿನೆಟ್, ಡೋಲು. ತಂತಿಗಳ ಕೆಳಗೆ, ನನ್ನ ಅಂಗಡಿಯ ಮುಂದೆ, ಎರಡೂ ಕೂಡಿ ಒಂದಾಗಿದ್ದವು. ಬಸ್ತುರ್ಮಾ ಎಂಬ ಒಣಮಾಂಸದ ಅಂಗಡಿಯವನು ಚಾಕು ಕೆಳಗಿಟ್ಟ. ಸ್ಕೂಟರಿನವನೊಬ್ಬ ಇಂಜಿನ್ ಆರಿಸಿದ. ನಮ್ಮ ಬೀದಿಯಲ್ಲಿ ಹಾಗೆ ಮಾಡಿದವರನ್ನು ನಾನು ಕಂಡಿರಲಿಲ್ಲ.

"ಅಪ್ಪ ಕೂರ್ತಿದ್ದ ಜಾಗ" ಎಂದಳು ಅರ್ಪಿನೆ ಮೆಲ್ಲಗೆ.

ಅಕ್ಕತಂಗಿಯರು ಅಪ್ಪಿಕೊಂಡು ಅತ್ತರು ಎಂದು ಬರೆಯಲು ನನಗೂ ಆಸೆಯಿದೆ. ಆದದ್ದು ಬೇರೆ. ನನ್ನ ಅಂಗಡಿಯ ಬಾಗಿಲಲ್ಲಿದ್ದ ಅಪ್ಪನ ಕುರ್ಚಿ ಇಬ್ಬರ ಕಣ್ಣಿಗೂ ಒಮ್ಮೆಲೇ ಬಿತ್ತು, ಇಬ್ಬರೂ ಒಮ್ಮೆಲೇ ಅದರ ಒಂದೊಂದು ತೋಳು ಹಿಡಿದರು. ಎಳೆದಾಟ ನಡೆದಿರುವಾಗ ಓನ್ನಿಗ್ ನಿದ್ದೆಯಲ್ಲಿ ನಡೆಯುವವನ ಹಾಗೆ ಬಂದು ಅವರ ನಡುವೆ ನುಸುಳಿ ಕೂತುಬಿಟ್ಟ. ಕಣ್ಣು ಮುಚ್ಚಿದ್ದ. ಅವನನ್ನು ಎಬ್ಬಿಸುವ ಮನಸ್ಸು ಇಬ್ಬರಿಗೂ ಬರಲಿಲ್ಲ. ಹಾಡು ಮುಗಿಯುವವರೆಗೆ ಆಚೀಚೆ ನಿಂತೇ ಕೇಳಿದರು.

ಮುಗಿದ ಮೇಲೆ ಶಾಕೆ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡು, ಅಕ್ಕರೆಯ 'ಜಾನ್' ಸೇರಿಸಿ ಕರೆದಳು. "ಓನ್ನಿಗ್ ಜಾನ್, ಆದದ್ದು ಆಯ್ತು. ಮೊದ್ಲಿನ ಹಾಗೇ ಪೆಟ್ಟಿಗೇಲಿ ಸೇರಿಸ್ಬಿಡು. ಅವಳ ಮನೇಲೇ ಇರ್ಲಿ ಬೇಕಾದ್ರೆ."

"ಬೇಡ, ಅಕ್ಕನ ಮನೇಲೇ ಇರ್ಲಿ" ಎಂದಳು ಅರ್ಪಿನೆ.

ಗರಗಸಕ್ಕೆ ಅಡ್ಡ ಕೂತಿದ್ದ ಮನುಷ್ಯ ಈಗ ಎಷ್ಟು ಹಿಗ್ಗಬೇಕು. ಓನ್ನಿಗ್ ಕಣ್ಣು ತೆರೆದು ತಲೆಯಾಡಿಸಿದ. "ಆಗಲ್ಲ."

ಯಾವ ರಿಪೇರಿಗೂ ಆಗಲ್ಲ ಎಂದವನಲ್ಲ ಅವನು.

"ಪೆಟ್ಟಿಗೇಲಿ ಆ ಸ್ಪೀಕರಿಗೂ ಈ ಸ್ಪೀಕರಿಗೂ ಮಧ್ಯ ಮೂರು ಮೊಳ ಇತ್ತು" ಎಂದ. "ಈಗ ಒಂದು ಬೀದಿ ಇದೆ. ನಾನು ನನ್ನ ಸೆಟ್ಟಲ್ಲಿ ಹುಡುಕ್ತಿದ್ದದ್ದು ಇದನ್ನೇ. ಮುಟ್ಟಲ್ಲ."

ಅವರು ಬೇಡಿದರು, ಬೈದರು, ಮಿಹ್ರಾನನಿಗೆ ಹೇಳುತ್ತೇವೆಂದು ಹೆದರಿಸಿದರು. ಓನ್ನಿಗ್ ಜಗ್ಗಲಿಲ್ಲ. ಖಾಲಿಯಾಗಿದ್ದ ಆ ಮರದ ಪೆಟ್ಟಿಗೆಯಲ್ಲಿ ಅರ್ಪಿನೆ ಈಗ ಈರುಳ್ಳಿ ಇಡುತ್ತಾಳೆ.

ಅಂದಿನಿಂದ ಶನಿವಾರ ಮಧ್ಯಾಹ್ನ ಬೀದಿಯಲ್ಲಿ ಕುರ್ಚಿಗಳು ಸಾಲುಗಟ್ಟುತ್ತವೆ, ನಡುವೆ ಅಜ್ಜನ ಕುರ್ಚಿಯಲ್ಲಿ ಓನ್ನಿಗ್ ಕೂರುತ್ತಾನೆ. ಬೀದಿಯ ಎಡಸಾಲಿನ ಮನೆಗಳಿಗೂ ಬಲಸಾಲಿನ ಮನೆಗಳಿಗೂ ಬೇರೆಬೇರೆ ಜನರೇಟರು. ಕರೆಂಟು ಹೋದಾಗ ಅರ್ಪಿನೆಯ ಕಡೆಯದು ತಡವಾಗಿ ಎದ್ದು, ವಾಲ್ವು ಬಿಸಿಯಾಗುವವರೆಗೆ ಗಾಯಕಿ ಒಂಟಿಯಾಗಿ ಹಾಡಿಕೊಳ್ಳುತ್ತಾಳೆ. ನಿಮ್ಮ ಡೋಲಿನವನು ಕಾಫಿಗೆ ಹೋದನೇನೆ ಎಂದು ಶಾಕೆ ಚುಚ್ಚುತ್ತಾಳೆ. ಆ ಹೊತ್ತಿನಲ್ಲಿ ಒಂದು ಜೋಡೂ ನನ್ನಲ್ಲಿ ಖರ್ಚಾಗುವುದಿಲ್ಲ. ಉಳಿದ ಹೊತ್ತಿನಲ್ಲೂ ಆಗುವುದಿಲ್ಲವಾದ್ದರಿಂದ ನಾನು ಯಾರನ್ನೂ ದೂರುವಂತಿಲ್ಲ.

ತೊಂದರೆ ಒಂದೇ. ತಟ್ಟೆಯ ಒಂದು ಮಗ್ಗುಲು ಮುಗಿದರೆ ಮಗುಚಿ ಹಾಕಲು ಶಾಕೆಯೇ ಮೂರು ಮಹಡಿ ಹತ್ತಬೇಕು. ಮಂಡಿ ಹಿಡಿದುಕೊಂಡು, ಸ್ಟೀರಿಯೋ ಕಂಡುಹಿಡಿದವನ ವಂಶವನ್ನು ಶಪಿಸುತ್ತಾ ಹೋಗುತ್ತಾಳೆ. ಮೊನ್ನೆ ಅವಳು ಹತ್ತುತ್ತಿರುವಾಗ ಅರ್ಪಿನೆ ಮೆಲ್ಲನೆ ಓನ್ನಿಗ್‌ನ ಭುಜ ತಟ್ಟಿ ಎಬ್ಬಿಸಿ ಅಪ್ಪನ ಕುರ್ಚಿಯಲ್ಲಿ ಕೂತಳು. ಮೇಲೆ ಶಾಕೆ ಬಾಲ್ಕನಿಗೆ ಬಂದು ಬಗ್ಗಿ ನೋಡಿದಳು.

"ಏಳೇ! ಈ ಮಗ್ಗುಲು ನಂದು!"

"ಇಳಿದು ಬಾ, ಬಿಡ್ತೀನಿ" ಎಂದಳು ಅರ್ಪಿನೆ, ಏಳುವ ಲಕ್ಷಣ ಕಾಣಲಿಲ್ಲ.

ಓನ್ನಿಗ್ ನನ್ನ ಪಕ್ಕದಲ್ಲಿ ಗೋಡೆಗೊರಗಿ, ಕಾಲುಚೀಲದಲ್ಲಿದ್ದ ಒಂದು ವಾಲ್ವನ್ನು ಎದೆಗೊತ್ತಿಕೊಂಡು ನಿಂತಿದ್ದ. ಒಂದು ಬೆರಳೆತ್ತಿ ಮೇಲಕ್ಕೂ ಕೆಳಕ್ಕೂ ತೋರಿಸಿದ.

"ಸುಮ್ನಿರಿ ಇಬ್ರೂ. ಸೂಜಿ ಇಳೀತು."