ಕಾಶಿ ಬಾಯಿಯ ಜಾಗದಲ್ಲಿ ಹನ್ನೆರಡಡಿ ಬುಟ್ಟಿ

ಬೆಳಂಬಾರದ ಕಾಶಿ ಬಾಯಿ ಅಂಕೋಲೆ ಪೇಟೆಯಲ್ಲಿ ಕೂತು ‘ಬಂಗಡೇ’ ಎಂದು ಕೂಗಿದರೆ ಕಾರವಾರದ ಬೆಕ್ಕುಗಳು ಬಸ್ಸು ಹತ್ತುತ್ತಿದ್ದವು. ಮೂವತ್ತು ವರ್ಷ ಒಂದೇ ಜಾಗದಲ್ಲಿ ಮೀನು ಮಾರಿದವಳು. ಅಲ್ಲಿಯ ಮೀನಿನ ಹೆಂಗಸರಿಗೆ ಇದ್ದದ್ದು ಒಂದೇ ಕಾನೂನು: ಯಾರ ಬುಟ್ಟಿ ನೆಲಕ್ಕೆ ಕೂತಿದೆಯೋ ಜಾಗ ಅವರದು, ಒಡತಿ ತಾನಾಗಿ ಎತ್ತುವವರೆಗೆ ದೇವರು ಬಂದರೂ ಸರಿಸುವಂತಿಲ್ಲ. ಕಾನೂನು ಮಾಡಿದವಳೂ ಕಾಶಿಯೇ, ಜಗಳವಾಡಿ ಕಾಯ್ದವಳೂ ಕಾಶಿಯೇ.

೨೦೦೬ರಲ್ಲಿ ತಂಗಿಯ ಮಗಳ ಮದುವೆಗೆಂದು ಚಿತ್ತಾಕುಲಕ್ಕೆ ಹೋದವಳು ಮೂರು ದಿನ ಬಿಟ್ಟು ಬಂದು ನೋಡುತ್ತಾಳೆ, ಅವಳ ಜಾಗದಲ್ಲಿ ಬೇರೊಂದು ಬುಟ್ಟಿ! ಹನ್ನೆರಡಡಿ ಎತ್ತರ, ಸಿಮೆಂಟಿನದು, ಒಳಗೆ ಎಮ್ಮೆ ಗಾತ್ರದ ಸಿಮೆಂಟು ಬಂಗಡೆಗಳು. ಊರು ಚಂದ ಮಾಡುವ ಸಮಿತಿಯೊಂದು ಮೀನು ಮಾರುವ ಹೆಂಗಸರ ಗೌರವಕ್ಕೆಂದೇ ಅದನ್ನು ನಿಲ್ಲಿಸಿತ್ತು.

“ಯಾರದ್ದೇ ಇದು?” ಎಂದಳು ಕಾಶಿ.

“ಯಾರದ್ದೋ. ಬುಟ್ಟಿ ಹೌದಲ್ದನೇ?” ಪಕ್ಕದಲ್ಲಿ ಕೂತು ಮಾರುವ ಕಾಮಿ ನಕ್ಕಳು. “ಒಡತಿ ಬಂದು ಎತ್ತೂವರೆಗೆ ನಿಲ್ಲು. ನಿಂದೇ ಕಾನೂನು.”

ಬೇರೆ ಕಡೆ ಬುಟ್ಟಿ ಇಳಿಸಿದರೆ ಹಳೆಯ ಜಾಗ ಬಿಟ್ಟುಕೊಟ್ಟ ಹಾಗೆ. ಕಾಶಿ ತಲೆಯ ಬುಟ್ಟಿ ಇಳಿಸದೆ ನಿಂತೇ ವ್ಯಾಪಾರ ಮಾಡಿದಳು. ಕೈ ಎಟುಕಿದ ಗಿರಾಕಿಗೆ ಮಾತ್ರ ಮೀನು. ಆ ವಾರ ಅಂಕೋಲೆಯ ಕುಳ್ಳರೆಲ್ಲ ತೊಂಡೆಕಾಯಿ ತಿಂದರು. ಕಾಶಿಯ ಕುತ್ತಿಗೆ ಎರಡಿಂಚು ಒಳಗೆ ಹೋಗಿ ಕರಿಮಣಿ ಸರ ಉದ್ದವಾಯಿತು.

ಐದನೆಯ ದಿನ ಉದ್ಘಾಟನೆ. ಸಮಿತಿಯ ಕಾರ್ಯದರ್ಶಿ ರಾಮನಾಥ ಮಾಸ್ತರರು ಮೈಕು ಹಿಡಿದು, “ಇದು ನಮ್ಮ ತಾಯಂದಿರ ಬುಟ್ಟಿ!” ಎಂದು ಗುಡುಗಿದರು.

“ಯಾವ ತಾಯಿದ್ದು ಮಾಸ್ತರ್ರೇ? ಹೆಸರು ಹೇಳಿ!” ಗುಂಪಿನ ನಡುವಿನಿಂದ ಕಾಶಿ ಕೂಗಿದಳು. ಮೈಕೇ ಬೆದರಿ ಕೀಂ ಎಂದಿತು.

“ಎಲ್ಲಾ ತಾಯಂದಿರದ್ದೂ, ಬಾಯಿ...”

“ಎಲ್ಲರದ್ದು ಅಂತ ಹೇಳಿ ಬುಟ್ಟಿ ಇರುದಿಲ್ಲ. ಒಬ್ಳ ಹೆಸರು ಬೇಕು ನಂಗೆ.”

“ಹಂಗಾರೆ ನಿಂದೇ ಹೇಳಿ ತಿಳ್ಕೊ ಮಾರಾಯ್ತಿ! ಕಾಶೀದು!”

ಮೈಕಿನಲ್ಲಿ ಬಿದ್ದ ಮಾತು ಭಾವಿಕೇರಿಯವರೆಗೂ ಕೇಳಿಸಿತು. ಕಾಶಿ ಸೀದಾ ಸಿಮೆಂಟು ಬುಟ್ಟಿಯ ಬುಡಕ್ಕೆ ನಡೆದಳು. ತಲೆಯ ಹೊರೆ ಇಳಿಸಲು ಕಾಮಿಯೇ ಕೈಜೋಡಿಸಿದಳು. ಒಡತಿಯ ಹೆಸರು ಗೊತ್ತಾದ ಮೇಲೆ ತಕರಾರೆಲ್ಲಿ? ಕಟ್ಟಿದ್ದ ರಿಬ್ಬನ್ನಿನ ಕೆಳಗೇ ಕಾಶಿ ಸೀರೆ ಒಟ್ಟುಮಾಡಿ ಕೂತಳು.

“ಬಾಯಿ, ಫೋಟೋ ತೆಗೀಬೇಕು, ಸ್ವಲ್ಪ ಆಚೆ ಹೋಗು,” ಎಂದರು ಮಾಸ್ತರರು.

“ನನ್ ಬುಟ್ಟಿ ಫೋಟೋಕೆ ನಾನೇ ಆಚೆ ಹೋಗುದಾ? ನೀವೇ ಸರೀರಿ ಮಾಸ್ತರ್ರೇ, ಹಿಂದೆ ಗಿರಾಕಿ ನಿಂತಿದ್ರು.”