ಅಂಟಿದ ಬಟ್ಟೆ ಬಿಡಿಸುವ ಚಿತ್ರ

ಕಳೆದ ತಿಂಗಳು ಅಪ್ಪ ಉಮರ್ಗಾದ ಹೆದ್ದಾರಿ ತಿರುವಿನಲ್ಲಿ ಬೈಕಿನಿಂದ ಬಿದ್ದು ಮೊಣಕಾಲು ತರಚಿಕೊಂಡರು. ಬ್ಯಾಂಡೇಜು ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ, ಗಾಯಕ್ಕೆ ಕಚ್ಚಿಕೊಂಡಿದ್ದ ಬಟ್ಟೆಯ ಮೇಲೆ ನೀರು ಹನಿಸಿ ಅದು ಸಡಿಲವಾಗಲೆಂದು ಕಾಯುತ್ತ ಕೂತಿದ್ದೆ. ನೆನೆದ ಬಟ್ಟೆ, ಮುಲಾಮು ಎರಡೂ ಸೇರಿದ ಒಂದು ವಾಸನೆ ಮೇಲೆದ್ದಿತು. ಅದರ ಹಿಂದೆಯೇ ಕಾಕು ನೆನಪಾದರು...

ಕಾಕು ಎಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ಮನೆಯಲ್ಲಿ ಕನ್ನಡ ಮಾತಾಡಿದರೂ ಚಿಕ್ಕಮ್ಮನನ್ನು ನಾವು ಮರಾಠಿಯಲ್ಲಿ ಹಾಗೇ ಕರೆಯುವುದು. ಭಾಲ್ಕಿ ಕಡೆಯವರು, ನಿಲಂಗಾಕ್ಕೆ ಸೊಸೆಯಾಗಿ ಬಂದಿದ್ದರು. ಚಿಕ್ಕಪ್ಪ ಹೊಲ ನೋಡಿಕೊಂಡರೆ ಕಾಕು ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಕಾಲೇಜು ಮುಗಿಸಿ ಅನಿಮೇಶನ್ ಕಲಿಯಲು ಅವರ ಬಳಿ ಹೋದ ನಾನು ಅಲ್ಲಿಯೇ ಕೆಲಸಕ್ಕೆ ನಿಂತುಬಿಟ್ಟೆ. ಮದುವೆಯ ವೀಡಿಯೊಗಳಿಗೆ ಹೂ ಉದುರಿಸುವುದು, ಬಟ್ಟೆಯಂಗಡಿಯ ಜಾಹೀರಾತಿಗೆ ಸೀರೆ ಹಾರಾಡಿಸುವುದು ನಮ್ಮ ಕೆಲಸ. ಕಾಕುವಿನ ಎಡಗೈ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೂ ಹಳೆಯ ಸುಟ್ಟ ಕಲೆ ಇತ್ತು. ಅವರು ಅದನ್ನು ಸೆರಗಿನಲ್ಲಿ ಮುಚ್ಚಿದವರಲ್ಲ, ಅದರ ಕಥೆ ಹೇಳಿದವರೂ ಅಲ್ಲ.

ಉದಗೀರದ ಒಂದು ಆಸ್ಪತ್ರೆಯ ಡಾಕ್ಟರು ನಮ್ಮ ಸೀರೆಯ ಜಾಹೀರಾತು ನೋಡಿ ಹುಡುಕಿಕೊಂಡು ಬಂದರು. ಸುಟ್ಟ ಗಾಯದ ಮಕ್ಕಳು ಬ್ಯಾಂಡೇಜು ಬದಲಿಸುವಾಗ ತುಂಬ ಹೆದರುತ್ತಾರೆ, ಮೊದಲೇ ತೋರಿಸಲು ಒಂದು ಪುಟ್ಟ ಚಿತ್ರ ಮಾಡಿಕೊಡಿ ಎಂದರು. ಕಾಕು ಒಪ್ಪಿಕೊಂಡರು.

ಕಂಪ್ಯೂಟರಿನಲ್ಲಿ ಬಟ್ಟೆ ಎಂದರೆ ಚುಕ್ಕೆಗಳ ಒಂದು ಬಲೆ. ಚುಕ್ಕೆಯಿಂದ ಚುಕ್ಕೆಗೆ ಕಣ್ಣಿಗೆ ಕಾಣದ ಸ್ಪ್ರಿಂಗು. ಇಂತಿಷ್ಟಕ್ಕಿಂತ ಹೆಚ್ಚು ಎಳೆದರೆ ಸ್ಪ್ರಿಂಗು ಕಡಿಯಲಿ ಎಂದು ಹೇಳಿಕೊಟ್ಟರೆ ಬಟ್ಟೆ ಹರಿಯುತ್ತದೆ. ಪ್ರತಿ ಚುಕ್ಕೆಯನ್ನೂ ಚರ್ಮಕ್ಕೆ ಅಂಟಿಸಿ, ಆ ಅಂಟಿಗೆ ಒಂದು ಬಲ ಕೊಟ್ಟರೆ ಬಟ್ಟೆ ಸುಲಿಯುತ್ತ ಬರುತ್ತದೆ. ಹೇಳಲು ಸುಲಭ. ನಮ್ಮ ಬ್ಯಾಂಡೇಜು ಒಮ್ಮೆ ಎಲ್ಲ ಅಂಟೂ ಬಿಟ್ಟು ಹಕ್ಕಿಯ ಹಾಗೆ ಹಾರಿಹೋಯಿತು, ಇನ್ನೊಮ್ಮೆ ಚೂರುಚೂರಾಗಿ ಸಿಡಿಯಿತು. ಕೊನೆಗೆ ಅಂಟಿನ ಬಲವನ್ನು ಪೂರ್ತಿ ಇಳಿಸಿಬಿಟ್ಟೆವು. ಚಿತ್ರದ ಹುಡುಗನ ಕೈಯಿಂದ ಬಟ್ಟೆ ಹೂವಿನ ಎಸಳಿನಂತೆ ಜಾರಿ ಬಂತು. ನೋಡಲು ಚೆಂದವಾಗಿತ್ತು. ಡಾಕ್ಟರಿಗೂ ಹಿಡಿಸಿತು.

ಚಿತ್ರವನ್ನು ನಾವೇ ಉದಗೀರದ ಆಸ್ಪತ್ರೆಗೆ ಒಯ್ದೆವು. ಅದನ್ನು ಮೊದಲು ನೋಡಿದ್ದು ಉಮರ್ಗಾ ಬಳಿಯ ತುರೋರಿ ಹಳ್ಳಿಯ ಒಬ್ಬ ಹುಡುಗಿ. ಶಾಲೆಯ ಮೂರನೇ ಇಯತ್ತೆಯಲ್ಲಿದ್ದಳು. ಹೆದ್ದಾರಿ ಪಕ್ಕದಲ್ಲಿದ್ದ ಅವಳಪ್ಪನ ಚಹಾದಂಗಡಿಯಲ್ಲಿ ಕುದಿಯುವ ಪಾತ್ರೆ ಮಗುಚಿ ಬಲಗೈ ಬೆಂದಿತ್ತು. ಚಿತ್ರ ನೋಡಿ ನಕ್ಕಳು, ಇನ್ನೊಮ್ಮೆ ಹಾಕಿ ಎಂದಳು. ಆಮೇಲೆ ಬ್ಯಾಂಡೇಜು ಬದಲಿಸಲು ಆಕೆಯನ್ನು ಪರದೆಯ ಆಚೆ ಕರೆದುಕೊಂಡು ಹೋದರು. ಆಕೆಯ ಅಳು ಕಾರಿಡಾರಿನ ತುದಿಯವರೆಗೂ ಕೇಳಿಸಿತು... ಹೊರಗೆ ಬಂದವಳು ನೇರವಾಗಿ ಕಾಕುವಿನ ಎದುರು ನಿಂತಳು.

"ನೀವು ತೋರ್ಸಿದ್ದು ಸುಳ್ಳದ. ಅದು ಹಂಗ ಬರಂಗಿಲ್ಲ."

ನಿಲಂಗಾಕ್ಕೆ ಮರಳುವ ಬಸ್ಸಿನಲ್ಲಿ ಕಾಕು ಮೊದಲ ಸಲ ತಮ್ಮ ಕೈಯ ಕಥೆ ಹೇಳಿದರು. ಚಿಕ್ಕವರಿದ್ದಾಗ ಸ್ನಾನದ ನೀರಿನ ಹಂಡೆ ಉರುಳಿತ್ತಂತೆ. ಪಟ್ಟಿ ಬಿಚ್ಚುವ ದಿನ ದೊಡ್ಡವರೆಲ್ಲ ಸುತ್ತ ನಿಂತು, ಏನೂ ಆಗೋದಿಲ್ಲ, ಅಲ್ಲಿ ಕಾಗೆ ನೋಡು ಎಂದರಂತೆ. ಇವರು ಕಾಗೆ ನೋಡುವಷ್ಟರಲ್ಲಿ ಎಳೆದುಬಿಟ್ಟರು. ನೋವು ಮರೆತುಹೋಯಿತು, ಆದರೆ ಏನೂ ಆಗೋದಿಲ್ಲ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ಮೈ ಬಿಗಿಯುತ್ತದೆ ಎಂದರು. ಅಂಥದೇ ಕಾಗೆಯನ್ನು ತಾವೂ ಆ ಹುಡುಗಿಗೆ ತೋರಿಸಿದ್ದು ಅವರನ್ನು ಕೊರೆಯುತ್ತಿತ್ತು.

ಮರುದಿನದಿಂದ ಚಿತ್ರವನ್ನು ಹೊಸದಾಗಿ ಶುರುಮಾಡಿದರು. ಅಂಗಳದಲ್ಲಿ ಕೂತು ಚಿಕ್ಕಪ್ಪನ ಹಳೆಯ ಧೋತರಗಳನ್ನು ಹರಿದೆವು. ಉದ್ದಕ್ಕೆ ಎಳೆದರೆ ನೇರ ಹರಿಯುತ್ತಿತ್ತು, ಓರೆಯಾಗಿ ಎಳೆದರೆ ಹಿಗ್ಗಿ, ತಿರುಚಿ, ಆಮೇಲೆ ಒಂದೊಂದೇ ನೂಲು ಬಿಡುತ್ತಿತ್ತು. ಹಿಟ್ಟಿನ ಅಂಬಲಿ ಹಚ್ಚಿ ನಮ್ಮ ಕೈಗೇ ಬಟ್ಟೆ ಅಂಟಿಸಿ ಒಣಗಿಸಿದೆವು. ಮೇಲಕ್ಕೆ ಎಳೆದರೆ ಚರ್ಮವೂ ಜೊತೆಗೆ ಏಳುತ್ತಿತ್ತು, ಹಿಂದಕ್ಕೆ ಮಡಚಿ ಮೆಲ್ಲಗೆ ಎಳೆದರೆ ಕಡಿಮೆ ಉರಿಯುತ್ತಿತ್ತು. ನೀರು ಹಾಕಿ ಕಾದರೆ ಇನ್ನೂ ಕಡಿಮೆ. ಇದನ್ನೆಲ್ಲ ಕಾಕು ಚುಕ್ಕೆಗಳಿಗೆ ಕಲಿಸಿದರು. ಅಂಚಿನಲ್ಲಿ ಅಂಟು ಕಡಿಮೆ, ನಡುವೆ ಗಟ್ಟಿ, ನೀರು ಬಿದ್ದ ಕಡೆ ನಿಧಾನಕ್ಕೆ ಸಡಿಲ. ಹೊಸ ಚಿತ್ರದಲ್ಲಿ ಬಟ್ಟೆ ಸ್ವಲ್ಪ ಬರುತ್ತದೆ, ಕಚ್ಚಿಕೊಂಡು ನಿಲ್ಲುತ್ತದೆ. ಹುಡುಗ ಮುಖ ಕಿವುಚುತ್ತಾನೆ, ಇನ್ನೊಂದು ಕೈ ಎತ್ತುತ್ತಾನೆ. ಎಲ್ಲವೂ ನಿಲ್ಲುತ್ತದೆ. ನೀರು ಹಾಕುತ್ತಾರೆ. ಆತ ಕೈ ಇಳಿಸಿದ ಮೇಲೆಯೇ ಮತ್ತೆ ಶುರು.

ಡಾಕ್ಟರು ಬೇಡ ಎಂದರು. ಇದನ್ನು ನೋಡಿದರೆ ಮಕ್ಕಳು ಟೇಬಲ್ ಹತ್ತಿರವೂ ಬರುವುದಿಲ್ಲ ಎಂಬುದು ಅವರ ಚಿಂತೆ.

"ಹೆದರ್ಲಿ ರೀ ಡಾಕ್ಟರ್," ಎಂದರು ಕಾಕು. "ಈಗ ಹೆದರಿದ್ರ ನಾವು ಬಾಜೂಕ ಇರ್ತೀವಿ. ಒಳಗ ಹೋಗಿ ಹೆದರಿದ್ರ ಕೂಸು ಒಂದೇ ಇರ್ತದ."

ಅಷ್ಟೇ ಅಲ್ಲ, ಚಿತ್ರದಲ್ಲಿ ನಿಲ್ಲಿಸಿದಂತೆ ನರ್ಸೂ ನಿಜವಾಗಿ ನಿಲ್ಲಿಸಬೇಕು ಎಂದರು. ಡಾಕ್ಟರು ಒಂದು ಸಲ ನೋಡೋಣ ಎಂದರು.

ತುರೋರಿಯ ಹುಡುಗಿ ಈ ಸಲ ನಗಲಿಲ್ಲ. ಪೂರ್ತಿ ನೋಡಿ, ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಕೇಳಿದಳು. "ಕೈ ಎತ್ತಿದ್ರ ಖರೇನೇ ನಿಲ್ಲಸ್ತಾರೇನು?"

"ನಿಲ್ಲಸ್ತಾರ. ನಾ ನಿನ್ನ ಬಾಜೂಕೇ ಇರ್ತೀನಿ," ಎಂದರು ಕಾಕು.

ಪರದೆಯ ಆಚೆ ಕಾಕುವಿನ ಜೊತೆ ನಾನೂ ಇದ್ದೆ. ಬಟ್ಟೆ ಅರ್ಧ ಬಂದಾಗ ಆಕೆ ಎಡಗೈ ಎತ್ತಿ "ಥಾಂಬಾ" ಎಂದಳು. ನರ್ಸು ಮರಾಠಿಯವರು, ಅವರಿಗೆ ತಿಳಿಯಲೆಂದು ನಿಲ್ಲಿಸಿ ಎಂಬುದನ್ನು ಮರಾಠಿಯಲ್ಲಿ ಹೇಳಿದ್ದಳು. ನರ್ಸು ನಿಲ್ಲಿಸಿದರು, ನೀರು ಹಾಕಿ ಕಾದರು. ಹುಡುಗಿ ಅತ್ತಳು, ನೋವಂತೂ ಇದ್ದೇ ಇತ್ತು. ಆದರೆ ಯಾರೂ ಆಕೆಯನ್ನು ಒತ್ತಿ ಹಿಡಿಯಬೇಕಾಗಲಿಲ್ಲ. ಕೊನೆಯ ತುದಿಯನ್ನು ತಾನೇ ಹಿಡಿದು, ಹಿಂದಕ್ಕೆ ಮಡಚಿ, ಉಸಿರು ಕಟ್ಟಿ ಬಿಡಿಸಿಕೊಂಡಳು. ಕಾಕು ನನ್ನ ಭುಜ ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದು ಹೊರಗೆ ಬಂದ ಮೇಲೆಯೇ ನನಗೆ ಗೊತ್ತಾದದ್ದು.

ಆ ಚಿತ್ರ ವಾರ್ಡಿನಲ್ಲಿ ಉಳಿಯಿತು. ಬೇರೆ ಊರಿನ ಆಸ್ಪತ್ರೆಗಳವರೂ ಕೇಳಿ ಒಯ್ದರು. ಕೆಲವು ವರ್ಷಗಳ ಮೇಲೆ ಕಾಕುವಿಗೆ ಮೂತ್ರಪಿಂಡದ ಕಾಯಿಲೆ ಬಂತು. ಲಾತೂರಿಗೆ ಓಡಾಡಿದೆವು... ಸುಗ್ಗಿಯ ಹೊತ್ತಿಗೆ ಹೋಗಿಬಿಟ್ಟರು. ಈಗ ಕ್ಲಾಸು ನಾನು ನಡೆಸುತ್ತೇನೆ. ಬಟ್ಟೆ ಹರಿಯುವುದನ್ನು ಕಲಿಸುವಾಗ ಅವರ ಮಾತುಗಳೇ ನನ್ನ ಬಾಯಿಗೆ ಬರುತ್ತವೆ.

ಮೊನ್ನೆ ಉಮರ್ಗಾ ಬಸ್‌ ನಿಲ್ದಾಣದಲ್ಲಿ ಕಾಲೇಜಿನ ಸಮವಸ್ತ್ರದ ಹುಡುಗಿಯೊಬ್ಬಳು ಬಂದು ನನ್ನನ್ನು ಮಾತಾಡಿಸಿದಳು. ಗುರುತು ಹತ್ತಲಿಲ್ಲ. ತುರೋರಿ, ಚಹಾದಂಗಡಿ ಎಂದ ಮೇಲೆ ಹತ್ತಿತು. ಕಾಕು ಹೇಗಿದ್ದಾರೆ ಎಂದು ಕೇಳಿದಳು. ಹೇಳಬೇಕಾಯಿತು.

"ಅವ್ರಿಗಿ ಕೈ ತೋರ್ಸಬೇಕಂತ ಮಾಡಿದ್ದೆ," ಎಂದಳು. ಆಮೇಲೆ ಬಲಗೈಯ ಅಂಗಿತೋಳನ್ನು ಮೇಲಕ್ಕೆ ಸರಿಸಿದಳು. "ನೀವರ ನೋಡ್ರಿ."

ನೋಡಿದೆ. ಕಲೆ ತಿಳಿಯಾಗಿ ಹರಡಿಕೊಂಡಿತ್ತು. ಬೆರಳು ಮಡಚಿ ಬಿಚ್ಚಿ ತೋರಿಸಿದಳು. ಅಷ್ಟರಲ್ಲಿ ತುರೋರಿ ಕಡೆಯ ಬಸ್ಸು ಬಂತು, ಜನ ಬಾಗಿಲಿಗೆ ಮುಗಿಬಿದ್ದರು. ಆಕೆ ಅದೇ ಕೈಯಿಂದ ಕಂಬಿ ಹಿಡಿದು ಎಲ್ಲರಿಗಿಂತ ಮೊದಲು ಹತ್ತಿ, ಕಿಟಕಿಯ ಸೀಟು ಹಿಡಿದಳು.